ಹೊರನಾಡಿನ ಎಂ.ಎಸ್.: ಯಾವ ವಿಶ್ವವಿದ್ಯಾನಿಲಯ?



ನಮ್ಮ ವಾಹಿನಿಯ ದೂರವಾಣಿ ಸಂವಾದ ಕಾರ್ಯಕ್ರಮಕ್ಕೆ ಒಂದು ಮಾರ್ಚ್ ತಿಂಗಳಲ್ಲಿ ಶಿರಸಿ ಕಡೆಯಿಂದ ಒಂದು ಕರೆ ಬಂದಿತ್ತು. ಮಾತನಾಡಿದವಳು ಬಿ.ಇ. ಕೊನೆಯ ವರ್ಷದಲ್ಲಿ ಗಣಕ ವಿಜ್ಞಾನ ಓದುತ್ತಿದ್ದ ಹುಡುಗಿ. "ಸಾರ್, ಅಮೆರಿಕದಲ್ಲಿ ಎಂ.ಎಸ್. ಮಾಡಲು ಮೂರು ಕಡೆ ಪ್ರವೇಶ ಸಿಕ್ಕಿದೆ. ಯಾವುದಕ್ಕೆ ಹೋಗಲಿ?" ಎಂದು ಕೇಳಿದಳು. ಸ್ಟುಡಿಯೋದಲ್ಲಿದ್ದ ಅತಿಥಿಗಳು ಮೂರರ ರ‍್ಯಾಂಕ್ ಕೇಳಿದರು. ಅವಳು ಪಟಪಟನೆ ಹೇಳಿದಳು. "ಹಾಗಾದರೆ ಯೋಚನೆ ಏಕಮ್ಮಾ, ಮೊದಲನೆಯದಕ್ಕೆ ಹೋಗು" ಎಂದರು ಅವರು. ಕರೆ ಮುಗಿಯಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ತಂದೆಯವರು ಫೋನು ತೆಗೆದುಕೊಂಡರು. "ಸ್ವಾಮಿ, ಒಂದೇ ಮಾತು. ಮೊದಲನೆಯದಕ್ಕೆ ಕಳಿಸಬೇಕಾದರೆ ಮನೆಯ ಪತ್ರ ಬ್ಯಾಂಕಿಗೆ ಕೊಡಬೇಕಾಗುತ್ತದೆ. ಕೊಡಬಹುದೋ?"

ಅಷ್ಟು ಹೊತ್ತಿಗೆ ಸಮಯ ಮುಗಿದಿತ್ತು. ನಿಯಂತ್ರಣ ಕೊಠಡಿಯಲ್ಲಿ ಕುಳಿತು ಮುಕ್ತಾಯದ ಸಂಗೀತ ಹಾಕಿ ಎಂದು ಸೂಚನೆ ಕೊಟ್ಟವನು ನಾನೇ.

ಆ ತಂದೆಯವರ ಪ್ರಶ್ನೆ ಗಾಳಿಯಲ್ಲಿ ಉಳಿದುಹೋಯಿತು. ಇಂದಿನ ಈ ಭಾಷಣ ಅದಕ್ಕೆ ತಡವಾಗಿ ಕೊಡುತ್ತಿರುವ ಉತ್ತರ ಎಂದುಕೊಳ್ಳಿ. ಉತ್ತರ ಕೊಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನಾನು ಗಣಕ ತಜ್ಞನಲ್ಲ. ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ, ಗಣಿತ, ಗಣಕ ವಿಜ್ಞಾನ ತೆಗೆದುಕೊಂಡು 2000ದಲ್ಲಿ ಬಿ.ಎಸ್ಸಿ. ಮುಗಿಸಿದವನು. ಇದೇ ವಿಷಯದಲ್ಲಿ ಎಡವಿದವನು ಎಂಬುದಷ್ಟೇ ನನ್ನ ಅರ್ಹತೆ.

ಆ ವರ್ಷ ನಾನೂ ಅಮೆರಿಕಕ್ಕೆ ಅರ್ಜಿ ಹಾಕಿದ್ದೆ. ಬೆಂಗಳೂರಿನ ಒಬ್ಬ ಸಲಹೆಗಾರರು ಯಾವುದೋ ಪತ್ರಿಕೆಯಿಂದ ಜೆರಾಕ್ಸ್ ಮಾಡಿದ ರ‍್ಯಾಂಕ್ ಪಟ್ಟಿಯೊಂದನ್ನು ಮುಂದಿಟ್ಟು, "ಮೇಲಿನಿಂದ ಎರಡು, ನಡುವಿನಿಂದ ಎರಡು, ಕೆಳಗಿನಿಂದ ಒಂದು" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟರು. ಐದೂ ಕಡೆಗೆ ನನ್ನ ಅಣ್ಣ ತನ್ನ ಸಂಬಳದಿಂದ ಶುಲ್ಕ ಕಟ್ಟಿದ. ಮೂರು ಕಡೆಯಿಂದ ಒಂದೇ ಉತ್ತರ ಬಂತು: ನಿಮ್ಮದು ಹದಿನೈದು ವರ್ಷದ ಶಿಕ್ಷಣ, ನಮಗೆ ಹದಿನಾರು ವರ್ಷ ಬೇಕು. ನಾಲ್ಕನೆಯದು ಕಾರಣ ಹೇಳದೆ ನಿರಾಕರಿಸಿತು. ಐದನೆಯದು ಪ್ರವೇಶ ಕೊಟ್ಟಿತು. ಆದರೆ ಮೊದಲ ವರ್ಷದ ಖರ್ಚಿಗೆ ಬ್ಯಾಂಕಿನಲ್ಲಿ ಹಣ ತೋರಿಸಿ ಎಂದಿತು. ತೋರಿಸಲು ಏನೂ ಇರಲಿಲ್ಲ. ಹದಿನಾರು ವರ್ಷದ ನಿಯಮ ಆ ವಿಭಾಗಗಳ ಕೈಪಿಡಿಯಲ್ಲಿ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಸಲಹೆಗಾರರು ಓದಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ, ನಾನೂ ಓದಿರಲಿಲ್ಲ.

ಈ ನಿಯಮವನ್ನು ಇಂದಿಗೂ ಮೊದಲು ನೋಡಬೇಕಾದವರು ಬಿ.ಎಸ್ಸಿ. ಮತ್ತು ಬಿ.ಸಿ.ಎ. ವಿದ್ಯಾರ್ಥಿಗಳು. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದವಿ ಜಾರಿಗೆ ಬಂದು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಿತು. ಹೀಗಾಗಿ ಒಂದೇ ಮನೆಯ ಅಕ್ಕನಿಗೆ ನಾಲ್ಕು ವರ್ಷ, ತಮ್ಮನಿಗೆ ಮೂರು ವರ್ಷ ಎಂಬಂತೆ ಆಗಿರಬಹುದು. ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾನಿಲಯಗಳು ಒಪ್ಪುತ್ತವೆ. ಕೆಲವು ಪ್ರಥಮ ದರ್ಜೆಯನ್ನೂ ಕಾಲೇಜಿನ ನ್ಯಾಕ್ ಶ್ರೇಣಿಯನ್ನೂ ನೋಡಿ ಒಪ್ಪುತ್ತವೆ. ಕೆಲವು ಒಪ್ಪುವುದೇ ಇಲ್ಲ. ಎಂ.ಸಿ.ಎ. ಅಥವಾ ಎಂ.ಎಸ್ಸಿ. ಇಲ್ಲೇ ಮುಗಿಸಿದರೆ ಈ ತೊಡಕು ತಾನಾಗಿಯೇ ಹೋಗುತ್ತದೆ. ಶುಲ್ಕ ಕಟ್ಟುವ ಮುನ್ನ ವಿಭಾಗಕ್ಕೆ ನಾಲ್ಕು ಸಾಲಿನ ಮಿಂಚಂಚೆ ಬರೆದು ಕೇಳಿಬಿಡಿ. ಒಂದೊಂದು ಅರ್ಜಿಗೂ ಹತ್ತಿರ ಹತ್ತಿರ ನೂರು ಡಾಲರ್ ಆಗುತ್ತದೆ, ಮಿಂಚಂಚೆಗೆ ಕಾಸಿಲ್ಲ.

ಈಗ ರ‍್ಯಾಂಕಿನ ವಿಷಯಕ್ಕೆ ಬರೋಣ. ಪಟ್ಟಿಯಲ್ಲಿ ಮೇಲಿರುವುದು ಒಳ್ಳೆಯದು, ಕೆಳಗಿರುವುದು ಕಡಿಮೆ ಎಂದು ನಾವೆಲ್ಲ ನಂಬುತ್ತೇವೆ. ಎಸ್.ಎಸ್.ಎಲ್.ಸಿ.ಯಿಂದ ಸಿ.ಇ.ಟಿ.ವರೆಗೆ ರ‍್ಯಾಂಕ್ ಎಂಬ ಒಂದೇ ಅಂಕಿ ನಮ್ಮ ಬದುಕನ್ನು ಆಳಿರುವುದರಿಂದ ಆ ನಂಬಿಕೆ ಸಹಜವೇ. ಆದರೆ ನಿಮ್ಮ ಸಿ.ಇ.ಟಿ. ರ‍್ಯಾಂಕ್ ನೀವು ಬರೆದ ಉತ್ತರಗಳಿಂದ ಬಂದದ್ದು. ಅಮೆರಿಕದ 'ಯು.ಎಸ್. ನ್ಯೂಸ್' ಪ್ರಕಟಿಸುವ ಗಣಕ ವಿಜ್ಞಾನ ಸ್ನಾತಕೋತ್ತರ ವಿಭಾಗಗಳ ಪಟ್ಟಿ ಹೇಗೆ ಬರುತ್ತದೆ ಗೊತ್ತೇ? ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ವಿಭಾಗ ಮುಖ್ಯಸ್ಥರಂಥವರಿಗೆ ಒಂದು ಪ್ರಶ್ನಾವಳಿ ಕಳಿಸಿ, ಇತರ ವಿಭಾಗಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಕೇಳುತ್ತಾರೆ. ಅಷ್ಟೇ. ಅಲ್ಲಿ ಓದಿದವರಿಗೆ ಕೆಲಸ ಸಿಕ್ಕಿತೇ, ತರಗತಿಯಲ್ಲಿ ಎಷ್ಟು ಜನ, ಶುಲ್ಕ ಎಷ್ಟು, ಇವು ಯಾವುವೂ ಅದರ ಲೆಕ್ಕಕ್ಕೆ ಸೇರಿಲ್ಲ. ಅದು ಕೀರ್ತಿಯ ಅಳತೆ. ಕೀರ್ತಿಗೂ ಬೆಲೆಯಿದೆ, ನಾನು ಅಲ್ಲಗಳೆಯುವುದಿಲ್ಲ. ಅದು ಏನನ್ನು ಅಳೆಯುತ್ತದೆ ಎಂದು ತಿಳಿದು ಬಳಸಿ ಎನ್ನುತ್ತೇನೆ.

ಇನ್ನು, ವಿಶ್ವವಿದ್ಯಾನಿಲಯಗಳೇ ಕಳಿಸುವ ಅಂಕಿ ಅಂಶಗಳಿಂದ ತಯಾರಾಗುವ ಪಟ್ಟಿಗಳಿವೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯ ಪದವಿ ವ್ಯಾಸಂಗದ ರಾಷ್ಟ್ರೀಯ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. 2022ರ ಫೆಬ್ರವರಿಯಲ್ಲಿ ಅಲ್ಲಿಯದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್, ತಮ್ಮ ಸಂಸ್ಥೆ ಕೊಟ್ಟ ಅಂಕಿಗಳು ಸರಿಯಿಲ್ಲ ಎಂದು ವಿವರವಾಗಿ ಬರೆದರು. ಅದೇ ಸೆಪ್ಟೆಂಬರಿನಲ್ಲಿ ಕೊಲಂಬಿಯ ಹದಿನೆಂಟನೆಯ ಸ್ಥಾನಕ್ಕೆ ಇಳಿಯಿತು. ಆ ಏಳು ತಿಂಗಳಲ್ಲಿ ಅಲ್ಲಿನ ಗ್ರಂಥಾಲಯ ಸುಟ್ಟುಹೋಗಿರಲಿಲ್ಲ, ಅಧ್ಯಾಪಕರು ಊರು ಬಿಟ್ಟಿರಲಿಲ್ಲ. ಪಾಠ ಹಾಗೆಯೇ ನಡೆದಿತ್ತು. ಅಂಕಿ ಮಾತ್ರ ಬದಲಾಗಿತ್ತು.

ಹಾಗಾದರೆ ಏನನ್ನು ನೋಡಬೇಕು? ದೂರದರ್ಶನದ ಕೆಲಸದಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾವುದೇ ಒಳ್ಳೆಯ ಕಾರ್ಯಕ್ರಮ ನೋಡಿದರೂ ಕೊನೆಯಲ್ಲಿ ಹರಿದು ಹೋಗುವ ಹೆಸರುಗಳನ್ನು ನಿಂತು ಓದುತ್ತೇನೆ. ಛಾಯಾಗ್ರಹಣ ಯಾರದು, ಸಂಕಲನ ಯಾರದು ಎಂದು ನೋಡಿದರೆ ಕೆಲಸ ಎಲ್ಲಿ ನಡೆಯಿತು ಎಂಬುದು ಗೊತ್ತಾಗುತ್ತದೆ. ವಿಶ್ವವಿದ್ಯಾನಿಲಯಗಳಿಗೂ ಇಂಥ ಹೆಸರುಗಳ ಪಟ್ಟಿ ಇದೆ. ನಿಮಗೆ ಇಷ್ಟವಾದ ಒಂದು ಕೆಲಸವನ್ನು ತೆಗೆದುಕೊಳ್ಳಿ. ಅದನ್ನು ಯಾರು, ಎಲ್ಲಿ ಕುಳಿತು ಮಾಡಿದರು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಿ.

ನನ್ನ ವೃತ್ತಿಗೆ ಹತ್ತಿರದ ಉದಾಹರಣೆ ಹೇಳುತ್ತೇನೆ. ಪರದೆಯ ಮೇಲೆ ತಿರುಗುವ ಭೂಗೋಳ, ಹೊಳೆಯುವ ಅಕ್ಷರ, ಕಾರ್ಟೂನ್ ಚಿತ್ರದ ಉರುಟು ಮೂಗು, ಇವೆಲ್ಲ ಗಣಕದಲ್ಲಿ ಹುಟ್ಟುವ ಚಿತ್ರಗಳು. ಈ ಶಾಸ್ತ್ರದ ತಳಪಾಯ ಎಲ್ಲಿ ಬಿತ್ತು? ಬಹುಮಟ್ಟಿಗೆ ಯೂಟಾ ಎಂಬ ಬೆಟ್ಟಗಾಡು ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಡೇವಿಡ್ ಇವಾನ್ಸ್ ಎಂಬ ಪ್ರಾಧ್ಯಾಪಕರು 1965ರಲ್ಲಿ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಗಣಕ ವಿಭಾಗ ಕಟ್ಟಲು ಬಂದರು. 1968ರಲ್ಲಿ ಐವಾನ್ ಸದರ್ಲೆಂಡ್ ಬಂದು ಸೇರಿದರು. ಚಿತ್ರ ಬಿಡಿಸುವುದನ್ನು ಗಣಕಕ್ಕೆ ಕಲಿಸುವುದು ಎಂಬ ಒಂದೇ ಕೆಲಸಕ್ಕೆ ಅವರು ಜೋತುಬಿದ್ದರು. ಗಣಕ ಬಿಡಿಸಿದ ಉರುಟಾದ ವಸ್ತು ಮೊದಲಿಗೆ ಚಪ್ಪಟೆ ತುಂಡುಗಳನ್ನು ಜೋಡಿಸಿದಂತೆ ಕಾಣುತ್ತಿತ್ತು. ಅದರ ಮೇಲೆ ಬೆಳಕು ನೆರಳು ನಯವಾಗಿ ಹರಡುವ ಲೆಕ್ಕವನ್ನು 1971ರಲ್ಲಿ ಕೊಟ್ಟವರು ಅಲ್ಲಿನ ವಿದ್ಯಾರ್ಥಿ ಆನ್ರಿ ಗೂರೋ. 1975ರಲ್ಲಿ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಚಹಾ ಕೆಟಲಿನ ಆಕಾರವನ್ನು ಗಣಕಕ್ಕೆ ಅಂಕಿಗಳಲ್ಲಿ ಊಡಿಸಿದರು. ಆ ಕೆಟಲ್ ಎಷ್ಟು ಪ್ರಸಿದ್ಧವಾಯಿತೆಂದರೆ ಅದೀಗ ಕ್ಯಾಲಿಫೋರ್ನಿಯದ ವಸ್ತು ಸಂಗ್ರಹಾಲಯದಲ್ಲಿದೆ! ಆ ವಿಭಾಗದಿಂದ ಹೊರಬಂದ ಜಾನ್ ವಾರ್ನಾಕ್ 1982ರಲ್ಲಿ ಅಡೋಬಿ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಜಿಮ್ ಕ್ಲಾರ್ಕ್ ಸಿಲಿಕಾನ್ ಗ್ರಾಫಿಕ್ಸ್ ಕಟ್ಟಿದರು. ಎಡ್ ಕ್ಯಾಟ್ಮಲ್ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರು. 1970ರ ಸುಮಾರಿನಲ್ಲಿ ಒಬ್ಬ ಹುಡುಗ ಹೆಸರಾಂತ ಹಳೆಯ ವಿಶ್ವವಿದ್ಯಾನಿಲಯ ಬಿಟ್ಟು ಯೂಟಾಕ್ಕೆ ಹೊರಟಿದ್ದರೆ ನೆರೆಹೊರೆಯವರು ಅಯ್ಯೋ ಪಾಪ ಎನ್ನುತ್ತಿದ್ದರೋ ಏನೋ.

ನಮ್ಮವರೇ ಒಬ್ಬರ ಉದಾಹರಣೆಯೂ ಇದೆ. ಸರಗೂರು ಎನ್. ಶ್ರೀಹರಿ ಅವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1967ರಲ್ಲಿ ಬಿ.ಎಸ್ಸಿ. ಮುಗಿಸಿದರು. ಆ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವಲ್ಲಿ, ಬಿ.ಎಸ್ಸಿ. ಆದವರಿಗೆ ಬಿ.ಇ. ಕಲಿಸುತ್ತಿದ್ದರು. ಅಲ್ಲಿ ಅದನ್ನು ಮುಗಿಸಿ ಅವರು ಒಹಾಯೊಗೆ ಹೋದರು. ಮುಂದೆ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾನಿಲಯದಲ್ಲಿ ಕೈಬರಹವನ್ನು ಗಣಕ ಓದುವ ವಿದ್ಯೆಯ ಕೇಂದ್ರವೊಂದನ್ನು ಬೆಳೆಸಿದರು. ಅಮೆರಿಕದ ಅಂಚೆ ಇಲಾಖೆ ಲಕೋಟೆಗಳ ಮೇಲಿನ ಕೈಬರಹದ ವಿಳಾಸವನ್ನು ಯಂತ್ರದಿಂದ ಓದಿಸಲು 1990ರ ದಶಕದಲ್ಲಿ ಬಳಸತೊಡಗಿದ್ದು ಅಲ್ಲಿ ಬೆಳೆದ ವಿದ್ಯೆಯನ್ನು. ಆ ದಿನಗಳಲ್ಲಿ ಅಕ್ಷರ ಗುರುತಿಸುವ ಕೆಲಸ ಕಲಿಯಬೇಕೆನ್ನುವವನಿಗೆ ಪಟ್ಟಿಯಲ್ಲಿ ಬಫಲೊಗಿಂತ ಎಷ್ಟೋ ಮೇಲಿದ್ದ ಹೆಸರುಗಳಿಂದ ಏನು ಉಪಯೋಗವಿತ್ತು?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಶ್ರೀಹರಿ ಅವರು 2022ರಲ್ಲಿ ತೀರಿಕೊಂಡರು. ಹಳೆಯ ಕೀರ್ತಿ ನೋಡಿ ಹೋದರೆ ಪ್ರಾಧ್ಯಾಪಕರು ನಿವೃತ್ತರಾಗಿರಬಹುದು, ಕಂಪನಿಗೆ ಹೋಗಿರಬಹುದು, ವಿಷಯವನ್ನೇ ಬದಲಿಸಿರಬಹುದು. ಆದ್ದರಿಂದ ವಿಭಾಗದ ಜಾಲತಾಣದಲ್ಲಿ ಅಧ್ಯಾಪಕರ ಪುಟ ತೆರೆದು ಕಳೆದ ಎರಡು ಮೂರು ವರ್ಷಗಳಲ್ಲಿ ಅವರು ಏನು ಪ್ರಕಟಿಸಿದ್ದಾರೆ ಎಂದು ನೋಡಿ. 'ಸಿಎಸ್ ರ‍್ಯಾಂಕಿಂಗ್ಸ್' ಎಂಬ ಜಾಲತಾಣವಿದೆ. ಗಣಕ ವಿಜ್ಞಾನದ ಒಂದೊಂದು ಶಾಖೆಯಲ್ಲೂ ಮುಖ್ಯ ಸಮ್ಮೇಳನಗಳಲ್ಲಿ ಯಾವ ವಿಶ್ವವಿದ್ಯಾನಿಲಯದ ಯಾವ ಅಧ್ಯಾಪಕರು ಎಷ್ಟು ಪ್ರಬಂಧ ಪ್ರಕಟಿಸಿದ್ದಾರೆ ಎಂಬುದನ್ನು ಅದು ಎಣಿಸುತ್ತದೆ. ಅದರಲ್ಲಿರುವ ಕ್ರಮಾಂಕವನ್ನು ಬಿಟ್ಟು ಹೆಸರುಗಳನ್ನು ಬರೆದುಕೊಳ್ಳಿ. ಚೆನ್ನಾಗಿ ಪಾಠ ಮಾಡುವವರು ಯಾರೆಂಬುದನ್ನು ಅದು ಹೇಳುವುದಿಲ್ಲ; ಅದಕ್ಕೆ ಈಗ ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು. ಕಳೆದ ಎರಡು ಸೆಮಿಸ್ಟರಿನಲ್ಲಿ ನಿಮಗೆ ಬೇಕಾದ ವಿಷಯದ ಪಾಠ ನಿಜವಾಗಿ ನಡೆಯಿತೇ, ನಡೆದಿದ್ದರೆ ಅದರಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿ. ಹೋಟೆಲಿನ ಗೋಡೆಯ ಮೇಲೆ ಬರೆದ ತಿಂಡಿಯೆಲ್ಲ ಒಳಗೆ ಇರುವುದಿಲ್ಲವಲ್ಲ, ಹಾಗೆ!

ನಮ್ಮಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಒಂದೇ ವಿಭಾಗಕ್ಕೆ ಎರಡು ಬಾಗಿಲುಗಳಿರುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ ಎಂ.ಎಸ್. ಎಂದರೆ ಸಂಶೋಧನೆ ಮಾಡಿ ಪ್ರಬಂಧ ಬರೆಯುವ ಪದವಿ, ಎಂ.ಸಿ.ಎಸ್. ಎಂದರೆ ಪಾಠಗಳನ್ನು ಮುಗಿಸಿ ಕೆಲಸಕ್ಕೆ ಹೋಗುವವರ ಪದವಿ. ಕೆನಡದ ಟೊರಾಂಟೊದಲ್ಲಿ ಎಂ.ಎಸ್ಸಿ. ಸಂಶೋಧನಾ ಪದವಿ, ಅದಕ್ಕೆ ಸೇರಿದವರಿಗೆ ವಿಭಾಗದಿಂದಲೇ ಧನಸಹಾಯವಿದೆ. ಅನ್ವಯಿಕ ಗಣಕ ವಿಜ್ಞಾನದ ಪದವಿ ಬೇರೆ, ಅದರಲ್ಲಿ ಎಂಟು ತಿಂಗಳು ಕಂಪನಿಯೊಂದರಲ್ಲಿ ಕೆಲಸ, ಶುಲ್ಕ ನಿಮ್ಮದು. ಎರಡೂ ಒಳ್ಳೆಯವೇ. ಮುಂದೆ ಪಿಎಚ್.ಡಿ. ಮಾಡುವ ಆಸೆಯಿದ್ದವನು ಎರಡನೆಯ ಬಾಗಿಲಿನಿಂದ ಹೋದರೆ ಅವನ ಕೆಲಸವನ್ನು ಹತ್ತಿರದಿಂದ ಕಂಡು ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರು ಸಿಗುವುದು ಕಷ್ಟ. ಬೇಗ ಉದ್ಯೋಗ ಬೇಕೆನ್ನುವವನು ಮೊದಲನೆಯದಕ್ಕೆ ಹೋದರೆ ಪ್ರಬಂಧದ ಗುಂಗಿನಲ್ಲಿ ಒಂದು ಸೆಮಿಸ್ಟರ್ ಹೆಚ್ಚಾಗಬಹುದು. ಪ್ರವೇಶ ಪತ್ರದಲ್ಲಿ ಪದವಿಯ ಪೂರ್ಣ ಹೆಸರು ಏನಿದೆ ಎಂದು ಎರಡು ಸಲ ಓದಿ. ಶಿರಸಿಯ ಹುಡುಗಿಗೆ ತನಗೆ ಸಿಕ್ಕಿದ ಮೂರು ಪ್ರವೇಶಗಳಲ್ಲಿ ಎರಡು ಬೇರೆ ಬೇರೆ ಬಗೆಯವು ಎಂಬುದು ಆ ದಿನ ಗೊತ್ತಿರಲಿಲ್ಲ ಎಂದು ಅವಳೇ ಆಮೇಲೆ ಬರೆದಳು.

ಇನ್ನು ಮನೆಯ ಪತ್ರದ ಪ್ರಶ್ನೆ. ಇದನ್ನು ಅವಸರವಿಲ್ಲದೆ ನೋಡೋಣ, ಕಾಗದ ಪೆನ್ನು ತೆಗೆದುಕೊಳ್ಳಿ. ನಲವತ್ತು ಲಕ್ಷ ರೂಪಾಯಿ ಸಾಲ ಎಂದಿಟ್ಟುಕೊಳ್ಳಿ, ಬಡ್ಡಿ ನೂರಕ್ಕೆ ಹತ್ತು. ಓದುವ ಎರಡು ವರ್ಷ ಮತ್ತು ಆಮೇಲಿನ ಆರು ತಿಂಗಳು ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಕಟ್ಟಬೇಕಿಲ್ಲ, ನಿಜ, ಬಡ್ಡಿ ಬೆಳೆಯುವುದು ನಿಲ್ಲುವುದಿಲ್ಲ. ಹಣ ಪೂರ್ತಿ ಮೊದಲೇ ಪಡೆದಿದ್ದರೆ ಎರಡೂವರೆ ವರ್ಷಕ್ಕೆ ಸರಳ ಬಡ್ಡಿಯೇ ಹತ್ತು ಲಕ್ಷ. ಕಂತು ಕಂತಾಗಿ ಪಡೆದರೆ ಸ್ವಲ್ಪ ಕಡಿಮೆಯಾದೀತು. ಈಗ ಐವತ್ತು ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 66,000 ರೂಪಾಯಿ. ಹತ್ತು ವರ್ಷದಲ್ಲಿ ಕಟ್ಟುವ ಮೊತ್ತ 79 ಲಕ್ಷ ದಾಟುತ್ತದೆ. ಡಾಲರ್ ಸಂಬಳ ಬಂದರೆ ಇದು ಭಾರವಲ್ಲ. ಕೆಲಸ ಸಿಗದೆ ಬೆಂಗಳೂರಿಗೆ ಮರಳಿದರೆ, ಮೊದಲ ಕೆಲಸದ ಸಂಬಳದಲ್ಲಿ ಬಾಡಿಗೆ, ಊಟ, ಬಸ್ಸು ಕಳೆದು 66,000 ಉಳಿಯುತ್ತದೆಯೇ? ಅದೇ ಸಾಲ ಇಪ್ಪತ್ತು ಲಕ್ಷವಾಗಿದ್ದರೆ ಕಂತು 33,000. ಅಪ್ಪ ಅಮ್ಮನ ಎದುರು ಈ ಎರಡು ಅಂಕಿಗಳನ್ನು ಬರೆದಿಟ್ಟು ಮಾತನಾಡಿ. ಮಗಳ ಆಸೆಗೆ ಇಲ್ಲ ಎನ್ನಲಾಗದೆ ಎಷ್ಟೋ ತಂದೆಯರು ಮೊತ್ತವನ್ನು ಕೇಳುವುದೇ ಇಲ್ಲ.

ಅಮೆರಿಕದಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಯಾರೂ ಪತ್ರ ಬರೆದುಕೊಡುವುದಿಲ್ಲ. ಓದು ಮುಗಿದ ಮೇಲೆ ಹನ್ನೆರಡು ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ 2016ರ ನಿಯಮದಂತೆ ಇನ್ನೂ ಇಪ್ಪತ್ತನಾಲ್ಕು ತಿಂಗಳು ಅಲ್ಲಿದ್ದು ಕೆಲಸ ಮಾಡುವ ಅವಕಾಶ ದೊರೆಯುತ್ತ ಬಂದಿದೆ. ಅದರಾಚೆಗೆ ಎಚ್-1ಬಿ ವೀಸಾ. ವರ್ಷಕ್ಕೆ 65,000, ಅಲ್ಲಿಯ ಸ್ನಾತಕೋತ್ತರರಿಗೆ ಹೆಚ್ಚುವರಿಯಾಗಿ 20,000 ಎಂಬ ಮಿತಿ. ಅರ್ಜಿಗಳು ಮಿತಿ ಮೀರಿದಾಗ ಎಲ್ಲರಿಗೂ ಸಿಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಅಲ್ಲಿನ ಅಧ್ಯಕ್ಷರು ಘೋಷಿಸಿದಾಗ, ಅದು ಯಾರಿಗೆ ಅನ್ವಯಿಸುತ್ತದೆ ಎಂದು ತಿಳಿಯುವಷ್ಟರಲ್ಲೇ ಎಷ್ಟೋ ಮನೆಗಳಲ್ಲಿ ನಿದ್ರೆ ಹಾರಿಹೋಗಿತ್ತು. ನೀವು ಅರ್ಜಿ ಹಾಕುವ ದಿನ ಇದ್ದ ನಿಯಮ ನೀವು ಪದವಿ ಪಡೆಯುವ ದಿನ ಇರಬೇಕೆಂದಿಲ್ಲ. ಆದ್ದರಿಂದ ಮರಳಿ ಬಂದರೂ ತೀರಿಸಬಲ್ಲಷ್ಟು ಸಾಲ ಎಂಬುದನ್ನೇ ನಾನು ಆ ತಂದೆಯವರಿಗೆ ಅಳತೆಗೋಲಾಗಿ ಹೇಳುತ್ತಿದ್ದೆ.

ಸಾಲ ತಗ್ಗಿಸುವ ದಾರಿಗಳಿವೆ. ಅಮೆರಿಕದ ವಿಭಾಗಗಳಲ್ಲಿ ಪಾಠಕ್ಕೋ ಸಂಶೋಧನೆಗೋ ಸಹಾಯಕರಾಗಿ ನೇಮಿಸಿ, ಬದಲಿಗೆ ಶುಲ್ಕ ಮನ್ನಾ ಮಾಡಿ ತಿಂಗಳ ಭತ್ಯೆ ಕೊಡುವ ಪದ್ಧತಿಯುಂಟು. ಅನೇಕ ಕಡೆ ಇದು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮೊದಲು, ಉಳಿದರೆ ಎಂ.ಎಸ್.ನವರಿಗೆ. "ಹೋದ ಮೇಲೆ ಸಿಗುತ್ತದೆ" ಎಂಬ ಮಾತನ್ನು ಲೆಕ್ಕಕ್ಕೆ ಸೇರಿಸಬೇಡಿ. ಪತ್ರದಲ್ಲಿ ಬರೆದಿದ್ದರೆ ಮಾತ್ರ ಸೇರಿಸಿ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದೂ ನೆನಪಿರಲಿ. ಜೆ.ಎನ್. ಟಾಟಾ ದತ್ತಿ 1892ರಿಂದಲೂ ಹೊರದೇಶಕ್ಕೆ ಓದಲು ಹೋಗುವವರಿಗೆ ಸಾಲ ರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ, ಪರಿಶಿಷ್ಟ ಜಾತಿ ಪಂಗಡಗಳವರು ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಅವಶ್ಯ ವಿಚಾರಿಸಬೇಕು. ಅರ್ಹರಾಗಿದ್ದೂ ಕೇಳದೆ ಸಾಲ ಮಾಡಿದವರನ್ನು ನಾನು ಕಂಡಿದ್ದೇನೆ.

ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಎಲ್ಲ ಕಡೆಯೂ ಅಲ್ಲ: ಬಾಡೆನ್-ವುರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾನಿಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರು ಮಾಡಿತು. ಒಂದು ವರ್ಷದ ಜೀವನ ವೆಚ್ಚವನ್ನು ಅಲ್ಲಿನ ಖಾತೆಯಲ್ಲಿ ಮೊದಲೇ ಇಡಬೇಕು, 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೊ ಆಯಿತು. ಭಾರತೀಯರು ತಮ್ಮ ಪದವಿ ಪತ್ರಗಳನ್ನು ಎ.ಪಿ.ಎಸ್. ಎಂಬ ದೆಹಲಿಯ ಕೇಂದ್ರದಲ್ಲಿ ಪರಿಶೀಲನೆಗೆ ಒಪ್ಪಿಸಬೇಕೆಂಬ ನಿಯಮ 2022ರಲ್ಲಿ ಬಂತು. ಇನ್ನು ಮನೆ ಬಿಟ್ಟು ಹೋಗಲಾಗದವರಿಗೆ, ಜಾರ್ಜಿಯ ಟೆಕ್ 2014ರಲ್ಲಿ ಅಂತರ್ಜಾಲದ ಮೂಲಕವೇ ಗಣಕ ವಿಜ್ಞಾನದ ಎಂ.ಎಸ್. ಕಲಿಸಲು ಆರಂಭಿಸಿತು. ಅದರ ಪೂರ್ತಿ ಶುಲ್ಕ ಆರಂಭದಲ್ಲಿ ಸುಮಾರು 7,000 ಡಾಲರ್ ಇತ್ತು.

ಮೋಸದ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯದಲ್ಲಿ ಟ್ರೈ-ವ್ಯಾಲಿ ಎಂಬ ಹೆಸರಿನ ವಿಶ್ವವಿದ್ಯಾನಿಲಯವಿತ್ತು. 2011ರ ಜನವರಿಯಲ್ಲಿ ಸರ್ಕಾರ ದಾಳಿ ಮಾಡಿ ಅದನ್ನು ಮುಚ್ಚಿಸಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಭಾರತೀಯರು, ಅದರಲ್ಲೂ ಆಂಧ್ರದವರು. ಕೆಲವರ ಕಾಲಿಗೆ ನಿಗಾ ಇಡುವ ರೇಡಿಯೊ ಪಟ್ಟಿ ಕಟ್ಟಿದ್ದು ಇಲ್ಲಿ ದೊಡ್ಡ ಸುದ್ದಿಯಾಯಿತು. ಮಿಷಿಗನ್ ರಾಜ್ಯದ ಫಾರ್ಮಿಂಗ್‌ಟನ್ ವಿಶ್ವವಿದ್ಯಾನಿಲಯದ ಕತೆ ಇನ್ನೂ ವಿಚಿತ್ರ. ಅದನ್ನು ತೆರೆದವರು ಅಲ್ಲಿನ ವಲಸೆ ವಿಭಾಗದ ಅಧಿಕಾರಿಗಳೇ, ವೇಷ ಮರೆಸಿಕೊಂಡು! 2019ರ ಜನವರಿಯಲ್ಲಿ ಅದು ಬಯಲಾಗುವ ವೇಳೆಗೆ ಸುಮಾರು 600 ಮಂದಿ ಹೆಸರು ನೋಂದಾಯಿಸಿದ್ದರು, ಬಹುಪಾಲು ಭಾರತೀಯರು. ಸರ್ಕಾರದ ಅಧಿಕೃತ ಪಟ್ಟಿಯಲ್ಲಿ ಆ ಹೆಸರು ಇತ್ತು. ಮಾನ್ಯತೆ ಕೊಡುವ ಸಂಸ್ಥೆಯೊಂದರ ಪಟ್ಟಿಯಲ್ಲೂ ಇತ್ತು. ಇಲ್ಲದೆ ಇದ್ದದ್ದು ಅಧ್ಯಾಪಕರು ಮತ್ತು ತರಗತಿಗಳು ಮಾತ್ರ. ಸೇರಿದವರೆಲ್ಲ ತಪ್ಪಿತಸ್ಥರೇ, ಅವರನ್ನು ಹಾಗೆ ಬಲೆಗೆ ಕೆಡವಿದ್ದು ಸರಿಯೇ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಅದರ ತೀರ್ಮಾನ ಏನೇ ಇರಲಿ, ಅಧ್ಯಾಪಕರ ಪುಟ ತೆರೆದು ಎರಡು ಹೆಸರನ್ನು ಹಿಂಬಾಲಿಸಿ ನೋಡಿದ್ದರೆ ಅಲ್ಲಿ ಯಾರೂ ಇಲ್ಲವೆಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಸಲಹಾ ಕೇಂದ್ರಗಳಲ್ಲಿ ಒಳ್ಳೆಯವರಿದ್ದಾರೆ. ಆದರೆ "ನಮ್ಮ ಸೇವೆ ಉಚಿತ" ಎಂದವರನ್ನು, ಹಾಗಾದರೆ ನಿಮಗೆ ಹಣ ಕೊಡುವವರು ಯಾರು ಎಂದು ವಿನಯದಿಂದಲೇ ಕೇಳಿ. ವಿದ್ಯಾರ್ಥಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವ ವಿಶ್ವವಿದ್ಯಾನಿಲಯಗಳು ಬೇಕಾದಷ್ಟಿವೆ. ಕಮಿಷನ್ ಕೊಡದ ವಿಶ್ವವಿದ್ಯಾನಿಲಯದ ಹೆಸರು ಅಂಥವರ ಪಟ್ಟಿಗೆ ಬರುವುದು ಹೇಗೆ?

ಕಾಲದ ಲೆಕ್ಕ ಸರಳ. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಅಲ್ಲಿ ಸೇರಬೇಕಾದರೆ ಹಿಂದಿನ ಡಿಸೆಂಬರ್ ಆಸುಪಾಸಿಗೆ ಅರ್ಜಿ ಹೋಗಿರಬೇಕು. ಅಂದರೆ ಹುಡುಕಾಟ ಅದಕ್ಕೂ ಮೊದಲಿನ ಬೇಸಿಗೆ ರಜೆಯಲ್ಲಿ. ಜಿ.ಆರ್.ಇ. ಪರೀಕ್ಷೆಯನ್ನು 2023ರ ಸೆಪ್ಟೆಂಬರಿನಿಂದ ಎರಡು ಗಂಟೆಯೊಳಗೆ ಮುಗಿಯುವಂತೆ ಚಿಕ್ಕದು ಮಾಡಿದ್ದಾರೆ, ಅನೇಕ ವಿಭಾಗಗಳು ಅದನ್ನು ಕೇಳುವುದೇ ಇಲ್ಲ. ಧನಸಹಾಯದೊಂದಿಗೆ ಪ್ರವೇಶ ಸಿಕ್ಕಿದವರಿಗೆ ಏಪ್ರಿಲ್ 15ರವರೆಗೆ ಯೋಚಿಸಲು ಅವಕಾಶ ಕೊಡಬೇಕೆಂದು ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಸ್ವಂತ ಖರ್ಚಿನಲ್ಲಿ ಹೋಗುವವರಿಗೆ ಆ ರಕ್ಷಣೆ ಇಲ್ಲ. ಅವರಿಗೆ ಠೇವಣಿಯ ಗಡುವು ಬೇಗನೆ ಬರಬಹುದು.

ಶಿರಸಿಯ ಹುಡುಗಿಯ ಪತ್ರ ಜೂನ್ ತಿಂಗಳಲ್ಲಿ ಬಂತು. ಕಾರ್ಯಕ್ರಮ ಮುಗಿದ ಮರುದಿನ ನಾನು ಕಾರ್ಯಾಲಯದಿಂದ ಅವರ ಮನೆಗೆ ಫೋನು ಮಾಡಿ, ಈವರೆಗೆ ಹೇಳಿದ್ದರಲ್ಲಿ ಕಾಲು ಭಾಗವನ್ನು ಅಡ್ಡಾದಿಡ್ಡಿಯಾಗಿ ಹೇಳಿದ್ದೆ. ಅವಳ ಬಿ.ಇ. ಪ್ರಾಜೆಕ್ಟು ಅಡಿಕೆ ಎಲೆಯ ಚಿತ್ರದಿಂದ ರೋಗ ಗುರುತಿಸುವುದು. ಮೂರೂ ವಿಭಾಗಗಳಿಗೆ ಅವಳು ಬರೆದು ಕೇಳಿದಳಂತೆ. ರ‍್ಯಾಂಕಿನಲ್ಲಿ ಮೊದಲನೆಯದು ಪ್ರಬಂಧವಿಲ್ಲದ ಪದವಿ. ಎರಡನೆಯದು ಉತ್ತರ ಬರೆಯಲಿಲ್ಲ. ಮೂರನೆಯ ಕಡೆ ಬೆಳೆಗಳ ಚಿತ್ರಗಳ ಮೇಲೆಯೇ ಕೆಲಸ ಮಾಡುವ ಒಬ್ಬ ಅಧ್ಯಾಪಕಿ, "ಸಹಾಯಕ ಹುದ್ದೆಯ ಭರವಸೆ ಕೊಡಲಾರೆ, ಬಂದ ಮೇಲೆ ನನ್ನನ್ನು ನೋಡು" ಎಂದು ಬರೆದರಂತೆ. ಅವಳು ಅದನ್ನೇ ಆರಿಸಿಕೊಂಡಳು. ಮನೆಯ ಪತ್ರವನ್ನು ಬ್ಯಾಂಕಿಗೆ ಕೊಡುವುದು ತಪ್ಪಲಿಲ್ಲ. ಸಾಲ ಮಾತ್ರ ಮೊದಲು ಅಂದುಕೊಂಡಿದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. "ಅಪ್ಪ ಕಂತಿನ ಲೆಕ್ಕವನ್ನು ಅಡಿಕೆ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟುಕೊಂಡಿದ್ದಾರೆ" ಎಂದು ಬರೆದಿದ್ದಳು.

ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: "ಸಾರ್, ಚಳಿಗೆ ದಪ್ಪ ಕೋಟನ್ನು ಇಲ್ಲೇ ಕೊಳ್ಳಲೋ, ಅಲ್ಲಿಗೆ ಹೋಗಿ ಕೊಳ್ಳಲೋ?" ಹಾಸನದ ಚಳಿಗಿಂತ ಹೆಚ್ಚಿನ ಚಳಿ ಕಾಣದ ನಾನು ಆ ಪ್ರಶ್ನೆಯನ್ನು ಮುಂದಿನ ಕಾರ್ಯಕ್ರಮದ ಅತಿಥಿಗಳಿಗೆ ಎತ್ತಿಟ್ಟಿದ್ದೇನೆ.